ಸೌಂಡ್ ಸ್ವಲ್ಪ ಮುಂದಕ್ಕೆ ಎಳೆದುಬಿಡಿ ಸಾರ್

ಮಂಡ್ಯದಲ್ಲಿ ವಿಡಿಯೊ ಎಡಿಟಿಂಗ್ ಅಂಗಡಿ ಇಟ್ಟವರಿಗೆ ಮದುವೆ ಸೀಸನ್ ಮುಗಿದ ಮೇಲೆ ಇನ್ನೊಂದು ಸೀಸನ್ ಶುರುವಾಗುತ್ತದೆ. ಅದು ಸೌಂಡ್ ರಿಪೇರಿ ಸೀಸನ್. ತಮ್ಮ ಮೊಬೈಲಿನಲ್ಲಿ ತೆಗೆದ ಧಾರೆ, ಅಳಿಯ ಕ್ಯಾಮೆರಾದಲ್ಲಿ ತೆಗೆದ ನಾಮಕರಣ, ಎಲ್ಲವನ್ನೂ ಮನೆಯ ಕಂಪ್ಯೂಟರಿನಲ್ಲೇ ಡಿವಿಡಿ ಮಾಡಿಕೊಂಡು, ಆಮೇಲೆ ಡಿಸ್ಕ್ ಹಿಡಿದು ಬರುತ್ತಾರೆ. "ಬಾಯಿ ಒಂದ್ ಕಡೆ, ಮಾತು ಒಂದ್ ಕಡೆ ಸಾರ್. ಸೌಂಡ್ ಸ್ವಲ್ಪ ಮುಂದಕ್ಕೆ ಎಳೆದುಬಿಡಿ, ಐದು ನಿಮಿಷದ ಕೆಲಸ."

ಈಗಲೂ ಡಿವಿಡಿ ಯಾರಿಗೆ ಬೇಕು ಅಂತ ಕೇಳಬೇಡಿ. ಮಳವಳ್ಳಿ, ಪಾಂಡವಪುರ ಕಡೆ ಎಷ್ಟೋ ಮನೆಗಳಲ್ಲಿ ಟಿವಿ ಕೆಳಗೆ ಹಳೇ ಪ್ಲೇಯರ್ ಇನ್ನೂ ಇದೆ. ಅಜ್ಜಿಗೆ ಅದರ ರಿಮೋಟ್ ಗೊತ್ತು, ಬೇರೆ ಯಾವುದೂ ಬೇಡ. ಮೊಮ್ಮಗಳ ಮದುವೆಯನ್ನು ಅವರು ಬೇಕಾದಾಗ ಹಾಕಿಕೊಂಡು ನೋಡಬೇಕು. ನನಗೂ ಆ ಕೆಲಸ ಅಂದರೆ ಇಷ್ಟವೇ. ಸಿಟ್ಟು ಬರುವುದು ಆ "ಐದು ನಿಮಿಷದ ಕೆಲಸ"ದ ಮೇಲೆ.

ನಾನು ಕೇಳುವುದು ಒಂದೇ ಪ್ರಶ್ನೆ. ಶುರುವಿನಲ್ಲಿ ಎಷ್ಟು ವ್ಯತ್ಯಾಸ ಇದೆ, ಕೊನೆಯಲ್ಲಿ ಎಷ್ಟಿದೆ? ಇದಕ್ಕೆ ಉತ್ತರ ಹೇಳುವವರು ಬಹಳ ಅಪರೂಪ. ಯಾಕೆಂದರೆ ಎಲ್ಲರೂ ಮೊದಲ ಎರಡು ನಿಮಿಷ ನೋಡಿರುತ್ತಾರೆ, ಇಲ್ಲಾಂದ್ರೆ ತಾಳಿ ಕಟ್ಟುವ ಜಾಗ ಒಂದನ್ನೇ ನೋಡಿರುತ್ತಾರೆ.

ವ್ಯತ್ಯಾಸ ಶುರುವಿನಿಂದ ಕೊನೆವರೆಗೂ ಅಷ್ಟೇ ಇದ್ದರೆ ಅದು ಒಂದು ರೋಗ. ಶುರುವಿನಲ್ಲಿ ಸರಿಯಿದ್ದು ಹೋಗ್ತಾ ಹೋಗ್ತಾ ಜಾಸ್ತಿ ಆದರೆ ಅದು ಬೇರೆಯೇ ರೋಗ. ಮೊದಲನೆಯದಕ್ಕೆ ನೀವು ಹೇಳಿದ ಹಾಗೆ ಸೌಂಡ್ ಎಳೆದರೆ ಸರಿಹೋಗುತ್ತದೆ. ಎರಡನೆಯದಕ್ಕೆ ಎಷ್ಟು ಎಳೆದರೂ ಪ್ರಯೋಜನವಿಲ್ಲ. ನಿಧಾನವಾಗಿ ಓಡುವ ಗಡಿಯಾರಕ್ಕೆ ಬೆಳಿಗ್ಗೆ ಮುಳ್ಳು ಸರಿಮಾಡಿಟ್ಟರೆ ಸಂಜೆಗೆ ಮತ್ತೆ ಹಿಂದೆ ಬಿದ್ದಿರುತ್ತದೆ, ಅಲ್ವಾ? ಅದರ ಓಟವನ್ನೇ ಸರಿಮಾಡಬೇಕು. ಕೆಲವರು ಬೇರೆ ಕಡೆ ತೋರಿಸಿ, ತಾಳಿ ಕಟ್ಟುವ ಜಾಗಕ್ಕೆ ಸರಿಹೋಗುವಷ್ಟು ಎಳೆಸಿಕೊಂಡು ಬಂದಿರುತ್ತಾರೆ. ಆಗ ನಡುವಿನ ಹತ್ತು ನಿಮಿಷ ಚೆನ್ನಾಗಿದೆ, ಶುರುವಿನಲ್ಲಿ ಮಾತು ಮೊದಲು ಬಾಯಿ ಆಮೇಲೆ, ಕೊನೆಯಲ್ಲಿ ಬಾಯಿ ಮೊದಲು ಮಾತು ಆಮೇಲೆ. ಒಂದು ತೊಂದರೆ ಇದ್ದದ್ದು ಎರಡಾಯಿತು.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಕಂಪ್ಯೂಟರಿನಲ್ಲಿ ವಿಎಲ್‌ಸಿ ಅನ್ನುವ ವಿಡಿಯೊ ಪ್ಲೇಯರ್ ಸಾಫ್ಟ್‌ವೇರ್ ಹಾಕಿ ಡಿಸ್ಕ್ ಓಡಿಸಿ. ಸೌಂಡ್ ತಡವಾಗಿ ಬರುತ್ತಿದ್ದರೆ ಕೀಬೋರ್ಡಿನ ಜೆ (J) ಒತ್ತಿ, ಮೊದಲೇ ಬರುತ್ತಿದ್ದರೆ ಕೆ (K) ಒತ್ತಿ. ಒಂದು ಸಲ ಒತ್ತಿದರೆ 50 ಮಿಲಿಸೆಕೆಂಡ್ ಸರಿಯುತ್ತದೆ. ಶುರುವಿನಲ್ಲಿ ಹೀಗೆ ಸರಿಮಾಡಿಕೊಂಡು ಸೀದಾ ಕೊನೆಯ ಹತ್ತು ನಿಮಿಷಕ್ಕೆ ಹೋಗಿ. ಅಲ್ಲೂ ಸರಿಯಿದ್ದರೆ ನಿಮ್ಮದು ನಿಜವಾಗಿಯೂ ಸಣ್ಣ ಕೆಲಸ. ತುಟಿ ನೋಡಿ ಅಳೆಯಲು ಹೋಗಬೇಡಿ, ಕಣ್ಣು ಮೋಸ ಮಾಡುತ್ತದೆ. ಮದುವೆ ವಿಡಿಯೊದಲ್ಲಿ ವಾಲಗದವರು ಇದ್ದೇ ಇರುತ್ತಾರೆ. ಡೋಲಿನ ಮೇಲೆ ಕೋಲು ಬೀಳುವ ಜಾಗ ನೋಡಿ. ವರಪೂಜೆಯಲ್ಲಿ ಒಂದು ಪೆಟ್ಟು, ಗಟ್ಟಿಮೇಳದಲ್ಲಿ ಒಂದು ಪೆಟ್ಟು ಹೋಲಿಸಿದರೆ ಸಾಕು.

ಮದ್ದೂರು ಕಡೆಯ ನಿವೃತ್ತ ಮೇಷ್ಟ್ರು ಒಬ್ಬರು ಇದನ್ನು ನಾನು ಹೇಳದೇ ಮಾಡಿದ್ದರು. ಡಿಸ್ಕ್ ಜೊತೆ ಒಂದು ಚೀಟಿ. ಅದರಲ್ಲಿ ದುಂಡಗಿನ ಅಕ್ಷರದಲ್ಲಿ: ಐದನೇ ನಿಮಿಷ, ಪರವಾಗಿಲ್ಲ. ಅರ್ಧ ಗಂಟೆ, ಡೋಲಿನ ಕೋಲು ಮೇಲೆದ್ದ ಮೇಲೆ ಸದ್ದು. ಒಂದು ಗಂಟೆ, ಪುರೋಹಿತರು ಬಾಯಿ ಮುಚ್ಚಿದ ಮೇಲೂ ಮಂತ್ರ. ಕೆಳಗೆ "ಸುಮಾರು ಮೂರೂವರೆ ಸೆಕೆಂಡು" ಅಂತ ಗೆರೆ ಎಳೆದು ಬರೆದಿದ್ದರು. ಡಿಸ್ಕ್ ಹಾಕುವ ಮೊದಲೇ ನನಗೆ ಅನುಮಾನ ಬಂತು. ವಿಡಿಯೊ ಅಂದರೆ ಒಂದರ ಹಿಂದೆ ಒಂದು ಓಡುವ ಬಿಡಿ ಚಿತ್ರಗಳು, ಅವಕ್ಕೇ ಫ್ರೇಮ್ ಅನ್ನುವುದು. ಸೆಕೆಂಡಿಗೆ 29.97 ಫ್ರೇಮ್ ಇರುವ ವಿಡಿಯೊವನ್ನು ಸಾಫ್ಟ್‌ವೇರ್ 30 ಅಂತ ಓದಿಕೊಂಡರೆ ಚಿತ್ರ ಒಂಚೂರು ಬೇಗ ಓಡುತ್ತದೆ. ಗಂಟೆಗೆ 3.6 ಸೆಕೆಂಡ್ ಮುಂದೆ ಹೋಗುತ್ತದೆ. ಸೌಂಡ್ ತನ್ನ ಪಾಡಿಗೆ ತಾನು ಹಿಂದೆ ಬರುತ್ತದೆ. ತೆಗೆದು ನೋಡಿದರೆ ಅದೇ. ಮೇಷ್ಟ್ರಿಗೆ ಕಾಫಿ ಕುಡಿಸಿ ಕಳಿಸಿದೆ.

ಮೊಬೈಲ್ ವಿಡಿಯೊದಲ್ಲಿ ಇದು ಇಷ್ಟು ಸಲೀಸಲ್ಲ. ಎಷ್ಟೋ ಫೋನ್‌ಗಳು ಒಂದೇ ವೇಗದಲ್ಲಿ ಫ್ರೇಮ್ ತೆಗೆಯುವುದಿಲ್ಲ. ಬೆಳಕು ಚೆನ್ನಾಗಿದ್ದರೆ ಸೆಕೆಂಡಿಗೆ 30ರ ಹತ್ತಿರ ಇರುತ್ತದೆ. ಛತ್ರದ ಒಳಗೆ ಕತ್ತಲಿದ್ದರೆ ಕಡಿಮೆಯಾಗುತ್ತದೆ. ಫೋನಿನಲ್ಲಿ ನೋಡುವಾಗ ತೊಂದರೆ ಕಾಣುವುದಿಲ್ಲ, ಯಾಕೆಂದರೆ ಯಾವ ಫ್ರೇಮ್ ಯಾವ ಹೊತ್ತಿಗೆ ಅನ್ನುವುದೂ ಫೈಲಿನಲ್ಲಿ ಇರುತ್ತದೆ. ಆದರೆ ನಮ್ಮ ಕಡೆ ನಡೆಯುವ ಪಾಲ್ (PAL) ಅನ್ನುವ ಟಿವಿ ಪದ್ಧತಿಯ ಡಿವಿಡಿಗೆ ಸೆಕೆಂಡಿಗೆ ಸರಿಯಾಗಿ 25 ಫ್ರೇಮ್ ಬೇಕು. ಕೆಲವು ಸಾಫ್ಟ್‌ವೇರ್ ಆ ಹೊತ್ತಿನ ಲೆಕ್ಕ ನೋಡದೆ ಸುಮ್ನೆ ಫ್ರೇಮ್ ಎಣಿಸಿಕೊಂಡು ಹೋಗುತ್ತವೆ. ಆಗ ಒಂದು ಕಡೆ ಸ್ವಲ್ಪ, ಇನ್ನೊಂದು ಕಡೆ ಜಾಸ್ತಿ, ಹೀಗೆ ಏರುಪೇರಾಗಿ ತಪ್ಪುತ್ತದೆ.

ನಿಮ್ಮ ಫೈಲ್ ಇಂಥದ್ದೇನಾ ಅಂತ ತಿಳಿಯಲು ಮೀಡಿಯಾಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಫ್ರೇಮ್ ರೇಟ್ ಮೋಡ್ ಎದುರಿಗೆ ವೇರಿಯಬಲ್, ಅಂದರೆ ವೇಗ ಬದಲಾಗುತ್ತದೆ ಅಂತ ಬಂದರೆ ಅದನ್ನು ಸೀದಾ ಡಿವಿಡಿ ಸಾಫ್ಟ್‌ವೇರಿಗೆ ಹಾಕಬೇಡಿ. ಮೊದಲು ವಿಡಿಯೊ ಬದಲಾಯಿಸುವ ಹ್ಯಾಂಡ್‌ಬ್ರೇಕ್ ಅನ್ನುವ ಸಾಫ್ಟ್‌ವೇರಿನಲ್ಲಿ ಫ್ರೇಮ್ ರೇಟ್ 25, ಕಾನ್‌ಸ್ಟಂಟ್ (ಒಂದೇ ವೇಗ) ಅಂತ ಆರಿಸಿ ಹೊಸ ಫೈಲ್ ಮಾಡಿಕೊಳ್ಳಿ. ಅದನ್ನು ಕೊನೆವರೆಗೂ ನೋಡಿ. ಸರಿಯಿದ್ದರೆ ಮಾತ್ರ ಡಿವಿಡಿಗೆ. ನೂರಕ್ಕೆ ನೂರು ಸರಿಹೋಗುತ್ತದೆ ಅಂತ ಬರೆದುಕೊಡಲಾರೆ, ಆದರೆ ಹೆಚ್ಚಿನವು ಇಲ್ಲೇ ಸರಿಹೋಗುತ್ತವೆ.

ಹತ್ತಾರು ತುಣುಕು ಜೋಡಿಸಿದ ವಿಡಿಯೊದಲ್ಲಿ ಇನ್ನೊಂದು ತರಹ ಆಗುತ್ತದೆ. ಒಂದು ಜೋಡಣೆಯ ತನಕ ಸರಿ, ಅಲ್ಲಿಂದ ಮುಂದೆ ತಪ್ಪು. ಅದನ್ನು ಆ ಜೋಡಣೆಯಲ್ಲೇ ಹಿಡಿಯಬೇಕು, ಇಡೀ ವಿಡಿಯೊ ಎಳೆದಾಡಬಾರದು.

ಸೌಂಡೇ ಬರುತ್ತಿಲ್ಲ ಅನ್ನುವವರಿಗೆ ಚುಟುಕಾಗಿ ಹೇಳುತ್ತೇನೆ. ಸೌಂಡನ್ನು ಫೈಲಿನಲ್ಲಿ ತುಂಬಿಡುವ ಬಗೆಗಳು ಹಲವು. ಫೋನಿನ ವಿಡಿಯೊದಲ್ಲಿ ಸಾಮಾನ್ಯವಾಗಿ ಇರುವುದು ಎಎಸಿ (AAC) ಅನ್ನುವ ಬಗೆ. ಡಿವಿಡಿ ವಿಡಿಯೊದ ನಿಯಮದಲ್ಲಿ ಅದಕ್ಕೆ ಜಾಗವಿಲ್ಲ, ಎಂಪಿ3ಗೂ ಇಲ್ಲ. ಸೌಂಡನ್ನು ಎಸಿ3 (AC3) ಅನ್ನುವ ಬಗೆಗೆ ಬದಲಾಯಿಸಿ, ಸ್ಯಾಂಪಲ್ ರೇಟ್ 48 ಕಿಲೋಹರ್ಟ್ಸ್ ಇಡಿ. ಹಿಂಡದೇ ಹಾಗೇ ಇಡುವ ಎಲ್‌ಪಿಸಿಎಂ (LPCM) ಕೂಡ ನಡೆಯುತ್ತದೆ, ಆದರೆ ಅದು ಗಂಟೆಗೆ ಸುಮಾರು 690 ಎಂಬಿ ತಿನ್ನುತ್ತದೆ. 4.7 ಜಿಬಿ ಡಿಸ್ಕಿನಲ್ಲಿ ಚಿತ್ರಕ್ಕೆ ಜಾಗ ಬೇಡವೇ? 192 ಕೆಬಿಪಿಎಸ್ ಎಸಿ3 ಆದರೆ ಗಂಟೆಗೆ 90 ಎಂಬಿಯೂ ಆಗುವುದಿಲ್ಲ. ಅಜ್ಜಿಯ ಟಿವಿ ಸ್ಪೀಕರಿಗೆ ಅದು ಧಾರಾಳ.

ಇನ್ನೊಂದು ಮಾತು. ಎಲ್ಲ ಡಿಸ್ಕಿನಲ್ಲೂ ಒಂದೇ ಅಳತೆಯಲ್ಲಿ ಸೌಂಡ್ ಮೊದಲೇ ಬರುತ್ತಿದ್ದರೆ, ಅದೂ ಹೋಮ್ ಥಿಯೇಟರ್ ಹಾಕಿದಾಗ ಮಾತ್ರ, ಡಿಸ್ಕನ್ನು ಬೈಯಬೇಡಿ. ಹೊಸ ಟಿವಿಗಳು ಚಿತ್ರವನ್ನು ಚೆಂದ ಮಾಡಲು ಒಂದಿಷ್ಟು ಹೊತ್ತು ತೆಗೆದುಕೊಳ್ಳುತ್ತವೆ, ಸೌಂಡ್ ಬೇರೆ ದಾರಿಯಲ್ಲಿ ಸೀದಾ ಹೋಗಿಬಿಡುತ್ತದೆ. ಹೋಮ್ ಥಿಯೇಟರಿನ ಸೆಟ್ಟಿಂಗ್‌ನಲ್ಲಿ ಆಡಿಯೊ ಡಿಲೇ ಅಂತ ಇದ್ದರೆ ಅಲ್ಲಿ ಸರಿಮಾಡಿಕೊಳ್ಳಿ. ಇದಕ್ಕೆ ನನಗೆ ದುಡ್ಡು ಕೊಡಬೇಕಿಲ್ಲ.

ಇಷ್ಟೆಲ್ಲ ಮಾಡಿಯೂ ಆಗಲಿಲ್ಲ ಅಂದರೆ ನನ್ನ ಹತ್ತಿರವೋ, ನಿಮಗೆ ಹತ್ತಿರದ ಬೇರೆ ಎಡಿಟರ್ ಹತ್ತಿರವೋ ಬನ್ನಿ. ಬರುವಾಗ ಡಿಸ್ಕ್ ಒಂದನ್ನೇ ತರಬೇಡಿ. ಕ್ಯಾಮೆರಾ ಕಾರ್ಡಿನಲ್ಲಿದ್ದ, ಫೋನಿನಲ್ಲಿದ್ದ ಮೂಲ ಫೈಲ್ ತನ್ನಿ. ವಾಟ್ಸಾಪಿನಲ್ಲಿ ಚಿಕ್ಕಪ್ಪ ಕಳಿಸಿದ್ದು ಮೂಲ ಅಲ್ಲ, ಅದು ಆಗಲೇ ಒಂದು ಸಲ ಹಿಂಡಿದ್ದು. ಡಿಸ್ಕ್ ಮಾತ್ರ ಉಳಿದಿದ್ದರೂ ಕೈಲಾದಷ್ಟು ಮಾಡುತ್ತೇವೆ, ಆದರೆ ಗ್ಯಾರಂಟಿ ಕೇಳಬೇಡಿ. ಮತ್ತೆ, ನೆಂಟರಿಗೆಲ್ಲ ಹಂಚಲು ಕಾಪಿ ತೆಗೆಯುವ ಮೊದಲು ಒಂದೇ ಒಂದು ಡಿಸ್ಕ್ ಮಾಡಿ, ಅಜ್ಜಿ ಮನೆಯ ಪ್ಲೇಯರಿಗೆ ಹಾಕಿ, ಕೊನೆಯ ಹತ್ತು ನಿಮಿಷ ಮೊದಲು ನೋಡಿ.