ಮೀಟರ್ ಮುಳ್ಳು ಕುಣಿದರೆ ಮೊದಲು ಕಿಲೋಮೀಟರ್ ಅಂಕಿ ನೋಡಿ

ಸ್ಪೀಡೋಮೀಟರ್ ಪೂರ್ತಿ ನಿಂತುಹೋದ ಗಾಡಿ ಬಂದರೆ ಕೆಲಸ ಸುಲಭ. ಎಲ್ಲಿ ತುಂಡಾಗಿದೆಯೋ ಅಲ್ಲಿ ಕಾಣುತ್ತದೆ. ತಲೆ ತಿನ್ನುವುದು ಬಿಟ್ಟು ಬಿಟ್ಟು ಬರುವ ತೊಂದರೆ. ದಾರಿಯಲ್ಲಿ ಮುಳ್ಳು ಸೊನ್ನೆಗೆ ಬಿದ್ದಿರುತ್ತದೆ, ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆ ಮುಟ್ಟುವ ಹೊತ್ತಿಗೆ ನೆಟ್ಟಗೆ ಓಡುತ್ತಿರುತ್ತದೆ. ಆಗ ಡ್ಯಾಶ್‌ಬೋರ್ಡ್ ಬಿಚ್ಚಿ ಕೂತರೆ ಏನೂ ಸಿಗುವುದಿಲ್ಲ. ಹಳೆಯ ಗಾಡಿಯಾದರೆ ಹೊಸ ತೊಂದರೆಯೂ ಸೇರಿಕೊಳ್ಳುತ್ತದೆ. ಮೂವತ್ತು ವರ್ಷ ಬಿಸಿಲು ಕಂಡ ಪ್ಲಾಸ್ಟಿಕ್ ಕ್ಲಿಪ್ಪು ಒಮ್ಮೆ ಮುರಿದರೆ ಬೇರೆಯದು ಸಿಗುವುದು ಕಷ್ಟ.

ನಂದಿ ಬೆಟ್ಟ ಪಕ್ಕದಲ್ಲೇ ಇರುವುದರಿಂದ ಭಾನುವಾರ ಬೆಳಿಗ್ಗೆ ಎನ್‌ಎಚ್ 44ರಲ್ಲಿ ಬೆಂಗಳೂರಿನ ಕಡೆಯಿಂದ ಹಳೆಯ ಸ್ಪೋರ್ಟ್ಸ್ ಕಾರುಗಳು ಬರುತ್ತವೆ. ಇತ್ತೀಚೆಗೆ ನನ್ನ ಕೈಗೆ ಬಂದದ್ದು ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5. 1989ರಲ್ಲಿ ಬಿಡುಗಡೆಯಾದ ಮಾದರಿ, ಹೆಡ್‌ಲೈಟು ಬಾನೆಟ್‌ನೊಳಗಿಂದ ಮೇಲೆದ್ದು ಬರುವಂಥದ್ದು. ಜಪಾನಿನಲ್ಲಿ ಇದನ್ನೇ ಯೂನೋಸ್ ರೋಡ್‌ಸ್ಟರ್ ಎಂಬ ಹೆಸರಿನಲ್ಲಿ ಮಾರಿದರು.

“ಅಣ್ಣಾ, ಬೆಳಿಗ್ಗೆ ಚಳೀಲಿ ಬರೋವಾಗ ಮುಳ್ಳು ಮೂವತ್ತಕ್ಕೂ ಅರವತ್ತಕ್ಕೂ ಕುಣಿಯುತ್ತೆ. ಮಧ್ಯಾಹ್ನ ವಾಪಸ್ ಹೋಗೋವಾಗ ಏನೂ ಇರಲ್ಲ. ಮೀಟರೇ ಬದಲಾಯಿಸಿ ಅಂತಾರೆ ಎಲ್ಲಾರೂ.”

“ಕುಣಿಯೋವಾಗ ಕೆಳಗೆ ಕಿಲೋಮೀಟರ್ ಓಡ್ತಾ ಇತ್ತಾ ಸಾರ್?”

ಗಾಡಿಯ ಯಜಮಾನರು ಅದನ್ನು ಗಮನಿಸಿರಲಿಲ್ಲ. ಸಾಮಾನ್ಯವಾಗಿ ಯಾರೂ ಗಮನಿಸುವುದಿಲ್ಲ. ಆದರೆ ಅರ್ಧ ಪತ್ತೆ ಅಲ್ಲೇ ಮುಗಿಯುತ್ತದೆ.

ಕಾರಣ ಮೀಟರ್‌ನ ಒಳಗಿದೆ. ಗೇರ್‌ಬಾಕ್ಸ್‌ನಲ್ಲಿರುವ ಸಣ್ಣ ಗೇರ್ ಕೇಬಲ್‌ನ ಒಳತಂತಿಯನ್ನು ತಿರುಗಿಸುತ್ತದೆ. ಆ ತಂತಿ ಮೀಟರ್‌ನಲ್ಲಿರುವ ಅಯಸ್ಕಾಂತವನ್ನು ತಿರುಗಿಸುತ್ತದೆ. ಅಯಸ್ಕಾಂತದ ಸುತ್ತ ಒಂದು ಅಲ್ಯೂಮಿನಿಯಂ ಬಟ್ಟಲಿದೆ. ಎರಡೂ ಒಂದಕ್ಕೊಂದು ತಾಗುವುದಿಲ್ಲ. ತಿರುಗುವ ಅಯಸ್ಕಾಂತ ಬಟ್ಟಲಿನಲ್ಲಿ ವಿದ್ಯುತ್ ಸುಳಿ ಎಬ್ಬಿಸಿ ಅದನ್ನು ತನ್ನ ಜೊತೆ ಎಳೆಯುತ್ತದೆ, ತೆಳುವಾದ ಸುರುಳಿ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಹಿಡಿಯುತ್ತದೆ. ಈ ಎರಡು ಎಳೆತ ಸಮವಾಗುವ ಜಾಗದಲ್ಲಿ ಮುಳ್ಳು ನಿಲ್ಲುತ್ತದೆ. ಬರ್ಲಿನ್‌ನಲ್ಲಿ ಓಟ್ಟೋ ಶುಲ್ಟ್ಸೆ 1902ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ಸುಮಾರು ಒಂದು ಶತಮಾನ ಲೋಕದ ಬಹುಪಾಲು ಕಾರುಗಳು ಇದರ ಮೇಲೇ ಓಡಿದವು ಎಂದರೆ ನನಗೆ ಇವತ್ತಿಗೂ ಬೆರಗು. ಕಿಲೋಮೀಟರ್ ಅಂಕಿಗಳಿಗೆ ಮಾತ್ರ ಅಯಸ್ಕಾಂತದ ಹಂಗಿಲ್ಲ. ಅವು ಅದೇ ಕೇಬಲ್‌ನಿಂದ ನೇರವಾಗಿ ಹಲ್ಲಿಗೆ ಹಲ್ಲು ಕೂತು ತಿರುಗುತ್ತವೆ.

ಹಾಗಾಗಿ ಮುಳ್ಳು ಸತ್ತು ಕಿಲೋಮೀಟರ್ ಓಡುತ್ತಿದ್ದರೆ ಕೇಬಲ್ ಮತ್ತು ಗೇರ್ ಚೆನ್ನಾಗಿವೆ, ತೊಂದರೆ ಮೀಟರ್‌ನ ತಲೆಯಲ್ಲಿದೆ. ಎರಡೂ ಒಟ್ಟಿಗೆ ನಿಂತು ಒಟ್ಟಿಗೆ ಎದ್ದರೆ ಕೇಬಲ್ ತುದಿ ಎಲ್ಲೋ ಜಾರುತ್ತಿದೆ, ಇಲ್ಲವೇ ಗೇರ್‌ಬಾಕ್ಸ್ ಕಡೆಯ ಪ್ಲಾಸ್ಟಿಕ್ ಗೇರ್ ಸವೆದಿದೆ. ಮುಳ್ಳು ಸರಿಯಾಗಿದ್ದು ಕಿಲೋಮೀಟರ್ ನಿಂತಿದ್ದರೆ ಅಂಕಿಗಳನ್ನು ತಿರುಗಿಸುವ ಹಲ್ಲು ಹೋಗಿದೆ. ಮುಳ್ಳು ಕುಣಿಯುತ್ತಿದ್ದರೂ ಕಿಲೋಮೀಟರ್ ಲೆಕ್ಕ ತಪ್ಪದಿದ್ದರೆ ಕೇಬಲ್ ತುಂಡಾಗಿಲ್ಲ, ಒಳಗೆಲ್ಲೋ ಬಿಗಿ ಹಿಡಿಯುತ್ತಿದೆ.

ಮರುದಿನ ಬೆಳಿಗ್ಗೆ ತಣ್ಣಗಿರುವಾಗಲೇ ಗಾಡಿ ತೆಗೆದೆವು. ಪಕ್ಕದಲ್ಲಿ ಹುಡುಗನನ್ನು ಕೂರಿಸಿಕೊಂಡು ಅವನ ಕೈಗೆ ಜಿಪಿಎಸ್ ಹಾಕಿದ ಫೋನ್ ಕೊಟ್ಟೆ. ಓಡಿಸುವವನು ರಸ್ತೆ ನೋಡಬೇಕು, ಮುಳ್ಳು ನೋಡುವ ಕೆಲಸ ಇನ್ನೊಬ್ಬರದು. ಇದರಲ್ಲಿ ರಾಜಿ ಬೇಡ. ಹೆದ್ದಾರಿಯ ಕಿಲೋಮೀಟರ್ ಕಲ್ಲಿನಿಂದ ಕಲ್ಲಿಗೆ ಅಂಕಿ ಸರಿಯಾಗಿ ಕೂಡಿತು, ಮುಳ್ಳು ಕುಣಿಯುತ್ತಲೇ ಇತ್ತು. ಮೀಟರ್ ತಪ್ಪಿಲ್ಲವೆಂಬುದು ಅಲ್ಲಿಗೆ ಬಹುಪಾಲು ಖಚಿತವಾಯಿತು.

ಬಿಗಿಯಾದ ಕೇಬಲ್‌ನಲ್ಲಿ ಆಗುವುದು ಇಷ್ಟು: ಗೇರ್‌ಬಾಕ್ಸ್ ಕಡೆಯ ತುದಿ ತಿರುಗುತ್ತದೆ, ನಡುವೆ ತಂತಿ ಸಿಕ್ಕಿಕೊಂಡು ಒದ್ದೆ ಪಂಚೆ ಹಿಂಡಿದ ಹಾಗೆ ಹುರಿಗೊಳ್ಳುತ್ತದೆ, ಆಮೇಲೆ ಒಮ್ಮೆಗೇ ಬಿಚ್ಚಿಕೊಳ್ಳುತ್ತದೆ. ಒಟ್ಟು ಸುತ್ತು ಕಡಿಮೆಯಾಗುವುದಿಲ್ಲ, ಅದಕ್ಕೇ ಕಿಲೋಮೀಟರ್ ಸರಿ. ಸುತ್ತಿನ ವೇಗ ಏರಿಳಿಯುತ್ತದೆ, ಅದಕ್ಕೇ ಮುಳ್ಳು ಕುಣಿಯುವುದು. ಹಳೆಯ ಗ್ರೀಸ್ ಚಳಿಗೆ ಗಟ್ಟಿಯಾಗುತ್ತದೆ. ನಮ್ಮ ಕಡೆಯ ಡಿಸೆಂಬರ್ ಬೆಳಗಿಗೆ ಮೀಟರ್ ಕುಣಿದು ಮಧ್ಯಾಹ್ನದ ಬಿಸಿಲಿಗೆ ಸುಮ್ಮನಾಗುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಈ ಗಾಡಿಯಲ್ಲಿ ಇನ್ನೊಂದು ಕಾರಣವೂ ಕೂಡಿಕೊಂಡಿತ್ತು. ಹಿಂದೆ ಯಾರೋ ಸ್ಟೀರಿಯೋ ಹಾಕುವಾಗ ಅದರ ವೈರುಗಳ ಜೊತೆ ಮೀಟರ್ ಕೇಬಲನ್ನೂ ಪ್ಲಾಸ್ಟಿಕ್ ಟೈನಿಂದ ಬಿಗಿದಿದ್ದರು. ಕೇಬಲ್ ಮೀಟರ್‌ನ ಹಿಂದೆ ಚೂಪಾಗಿ ಬಗ್ಗಿತ್ತು. ಬಾಗು ಸುಮಾರು 15 ಸೆಂಟಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾಗಬಾರದು. ಟೈ ಕತ್ತರಿಸಿದೆ. ಆದರೆ ಹೊರಕವಚ ಆಗಲೇ ಮಡಿಚಿಕೊಂಡಿದ್ದರಿಂದ ಕೇಬಲ್ ಬದಲಾಯಿಸದೆ ದಾರಿ ಇರಲಿಲ್ಲ.

ಹೊಸ ಕೇಬಲ್ ತರಿಸುವ ಮೊದಲು ಮೀಟರ್ ಪರೀಕ್ಷೆ ಮಾಡಿಬಿಟ್ಟೆ. ಜಪಾನಿ ಗಾಡಿಗಳ ಮಾನದಂಡದ ಪ್ರಕಾರ ಕೇಬಲ್ ನಿಮಿಷಕ್ಕೆ 637 ಸುತ್ತು ತಿರುಗಿದರೆ ಮುಳ್ಳು 60 ಕಿ.ಮೀ. ತೋರಿಸಬೇಕು. ವೇಗ ಹೊಂದಿಸಬಹುದಾದ ಡ್ರಿಲ್ಲಿಗೆ ಹಳೆಯ ಒಳತಂತಿಯ ತುಂಡು ಸಿಕ್ಕಿಸಿ, ಸರಿಯಾದ ದಿಕ್ಕಿಗೆ, ನಿಧಾನವಾಗಿ ತಿರುಗಿಸಿದರೆ ಮೇಜಿನ ಮೇಲೇ ಗೊತ್ತಾಗುತ್ತದೆ. ಮುಳ್ಳು ಅರವತ್ತರ ಮೇಲೆ ಕುಣಿಯದೆ ನಿಂತಿತು. ಇಂಗ್ಲೆಂಡಿನ ಹಳೆಯ ಸ್ಮಿತ್ಸ್ ಮೀಟರ್ ಆದರೆ ಮೈಲಿಗೆ ಎಷ್ಟು ಸುತ್ತು ಎಂದು ಡಯಲ್ ಮೇಲೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಅದನ್ನು ನೋಡಿ ಲೆಕ್ಕ ಹಾಕಿ.

ಗ್ರೀಸ್ ವಿಷಯದಲ್ಲಿ ಕೈ ಬಿಗಿ ಇರಲಿ. ತಂತಿಗೆ ತೆಳುವಾಗಿ ಸವರಿ, ಮೀಟರ್ ಕಡೆಯ ಒಂದು ಗೇಣು ಹಾಗೇ ಬಿಡಿ. ಸುತ್ತುವ ತಂತಿ ಗ್ರೀಸನ್ನು ಮೇಲಕ್ಕೆ ಹತ್ತಿಸುತ್ತದೆ. ಗೇರ್‌ಬಾಕ್ಸ್ ಕಡೆಯ ಆಯಿಲ್ ಸೀಲ್ ಹೋಗಿದ್ದರೆ ಗೇರ್ ಆಯಿಲೂ ಹಾಗೇ ಹತ್ತಿ ಮೀಟರ್ ಸೇರುತ್ತದೆ. ಬಟ್ಟಲಿಗೂ ಅಯಸ್ಕಾಂತಕ್ಕೂ ನಡುವೆ ಎಣ್ಣೆ ತುಂಬಿದರೆ ಮುಳ್ಳು ನಿಜಕ್ಕಿಂತ ಹೆಚ್ಚು ವೇಗ ತೋರಿಸುತ್ತದೆ.

ಮೀಟರ್ ಬದಲಾಯಿಸಿ ಎಂಬ ಸಲಹೆಗೆ ನಾನು ಇಷ್ಟು ಗಟ್ಟಿಯಾಗಿ ಅಡ್ಡ ನಿಲ್ಲುವುದಕ್ಕೆ ಕಾರಣವಿದೆ. ಹಳೆಯ ಮೀಟರ್ ಜೊತೆ ಆ ಗಾಡಿ ಓಡಿದ ಲೆಕ್ಕವೇ ಹೊರಟುಹೋಗುತ್ತದೆ. ಈ ಮಾದರಿಯಲ್ಲಿ ಇಂಜಿನ್ ಕಂಪ್ಯೂಟರಿಗೆ ವೇಗದ ಸುದ್ದಿ ಹೋಗುವುದೂ ಮೀಟರ್ ಒಳಗಿನ ರೀಡ್ ಸ್ವಿಚ್ಚಿನಿಂದಲೇ, ಅಂದರೆ ಅಯಸ್ಕಾಂತ ಹತ್ತಿರ ಬಂದಾಗ ತಾನೇ ಕೂಡಿಕೊಳ್ಳುವ ಸಣ್ಣ ಸ್ವಿಚ್ಚಿನಿಂದ. ಸಿಕ್ಕಿದ ಯಾವುದೋ ಮೀಟರ್ ತಂದು ಕೂರಿಸುವ ಮಾತೇ ಅಲ್ಲ. ಬದಲಾಯಿಸಲೇಬೇಕಾದರೆ ಹಳೆಯ ಅಂಕಿಯ ಫೋಟೋ ತೆಗೆದು, ಬಿಲ್ಲಿನಲ್ಲಿ ಬರೆಸಿ ಇಟ್ಟುಕೊಳ್ಳಿ.

ಕೇಬಲ್ ಇಲ್ಲದ, ಸೆನ್ಸರ್ ಇರುವ ಗಾಡಿಗಳದು ಬೇರೆ ದಾರಿ. 1998ರ ನಂತರದ ಎಂಎಕ್ಸ್-5ರಲ್ಲಿ ಸೆನ್ಸರ್ ಗೇರ್‌ಬಾಕ್ಸ್ ಮೇಲಿದೆ, ಪೋರ್ಷೆ 944ರಲ್ಲಿ ಹಿಂದಿನ ಚಕ್ರಗಳ ನಡುವಿನ ಗೇರ್‌ಬಾಕ್ಸ್ ಬಳಿ. ಮಲ್ಟಿಮೀಟರ್ ವೈರನ್ನು ಉದ್ದ ಮಾಡಿ ಒಳಗೆ ತಂದುಕೊಳ್ಳಿ. ಮುಳ್ಳು ಬಿದ್ದ ಕ್ಷಣ ಸಿಗ್ನಲ್ ಬರುತ್ತಿದೆಯೇ ಇಲ್ಲವೇ ನೋಡಿ. ಬರುತ್ತಿದ್ದರೆ ಮೀಟರ್ ಬೋರ್ಡಿನ ಬೆಸುಗೆ ಬಿರುಕು ಬಿಟ್ಟಿರಬಹುದು, ಭೂತಗನ್ನಡಿ ಹಿಡಿದು ವೈರು ಜೋಡಿಸುವ ಕಪ್ಲರ್‌ನ ಪಿನ್ನುಗಳ ಬುಡ ನೋಡಿ. ಬರದಿದ್ದರೆ ಸೆನ್ಸರ್, ಕಪ್ಲರ್, ವೈರು. ನಂದಿ ಸುತ್ತಮುತ್ತಲಿನ ತೋಟದ ಮನೆಗಳಲ್ಲಿ ವಾರಗಟ್ಟಲೆ ನಿಂತ ಗಾಡಿಯಾದರೆ ಮೊದಲು ಇಲಿ ಕಡಿದ ವೈರು ಹುಡುಕಿ.

ಜಿಪಿಎಸ್‌ಗಿಂತ ಮೀಟರ್ ಸ್ವಲ್ಪ ಹೆಚ್ಚು ತೋರಿಸಿದರೆ ಅದು ದೋಷವಲ್ಲ. ವಿಶ್ವಸಂಸ್ಥೆಯ 39ನೇ ನಿಯಮಾವಳಿಯ ಪ್ರಕಾರ ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಹೆಚ್ಚು ತೋರಿಸಬಹುದು: 80ರ ವೇಗದಲ್ಲಿ 92ರ ತನಕ. ರಿಪೇರಿ ಆಗುವ ತನಕ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಆರ್‌ಪಿಎಂ ಮೀಟರ್ ನೋಡಿ ವೇಗ ಅಂದಾಜು ಮಾಡಬಹುದು. ಐದು ಗೇರಿನ ಈ ಎಂಎಕ್ಸ್-5ರಲ್ಲಿ ಮೂಲ ಅಳತೆಯ ಟೈರ್ ಇದ್ದರೆ ಐದನೇ ಗೇರಿನ 3000ಕ್ಕೆ ಸುಮಾರು 90 ಕಿ.ಮೀ. ಆದರೂ ಅದು ಗ್ಯಾರೇಜ್ ಮುಟ್ಟುವ ತನಕದ ಏರ್ಪಾಟು ಅಷ್ಟೇ. ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 117ನೇ ನಿಯಮ ಸ್ಪೀಡೋಮೀಟರ್ ಇರಲೇಬೇಕು ಎನ್ನುತ್ತದೆ.

ಆ ಮಾಜ್ದಾಗೆ ಹೊಸ ಕೇಬಲ್ ಹಾಕಿ ಮುಗಿಸಿದ್ದು ಒಂದು ಸಂಜೆ. ಯಜಮಾನರು ಆಗಲೇ ತೆಗೆದುಕೊಂಡು ಹೋಗಲು ಬಂದಿದ್ದರು. ರಾತ್ರಿ ಶೆಡ್ಡಿನ ಹೊರಗೆ ನಿಲ್ಲಿಸಿ, ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಅದೇ ರಸ್ತೆಯಲ್ಲಿ ಓಡಿಸಿ ನೋಡಿದ ಮೇಲೆ ಕೀಲಿ ಕೊಟ್ಟೆ.