ಆಯುಧ ಪೂಜೆಗೆ ಮಾತ್ರ ಹೊರಬಂದ ಗರಗಸ

ರಾಜ್ಯದ ಕೆಲವು ಸರ್ಕಾರಿ ಹೈಸ್ಕೂಲುಗಳಲ್ಲಿ ಈಗ ಆಟೊಮೊಬೈಲ್ ಕೂಡ ಒಂದು ವಿಷಯ. ಮೂರನೇ ಭಾಷೆಯ ಬದಲು ಅದನ್ನು ತಗೊಳ್ಳಬಹುದು. ಇದು ಹೊಸದು ಅನ್ನುವವರಿದ್ದಾರೆ, ಗಾಂಧೀಜಿ ಹೇಳಿದ್ದೇ ಅನ್ನುವವರಿದ್ದಾರೆ. ಬಡವರ ಮಕ್ಕಳಿಗಷ್ಟೇ ಯಾಕೆ ಪಾನಾ ಅಂತ ಕೇಳುವವರೂ ಇದ್ದಾರೆ.

ಕಸುಬಿನ ಮೂಲಕವೇ ಓದು ಕಲಿಸಬೇಕೆಂದು ಗಾಂಧೀಜಿ ಅಧ್ಯಕ್ಷತೆಯ ವಾರ್ಧಾ ಶಿಕ್ಷಣ ಸಮ್ಮೇಳನ ಹೇಳಿದ್ದು 1937ರಲ್ಲಿ. ಆಗ ಬಳ್ಳಾರಿ ಮದ್ರಾಸಿಗೆ ಸೇರಿತ್ತು, ರಾಯಚೂರು-ಕೊಪ್ಪಳ ನಿಜಾಮರಿಗೆ. 1953ರಲ್ಲಿ ಮದ್ರಾಸ್ ಸರ್ಕಾರ ಹಳ್ಳಿ ಮಕ್ಕಳಿಗೆ ಅರ್ಧ ಹೊತ್ತು ಶಾಲೆ, ಉಳಿದ ಹೊತ್ತು ಮನೆಯ ಕಸುಬು ಎಂಬ ಯೋಜನೆ ತಂದಿತು. ಅಪ್ಪನ ಜಾತಿ ಕಸುಬೇ ಮಗನಿಗೂ ಗಂಟುಬೀಳುತ್ತದೆ ಎಂದು ಜನ ಸಿಟ್ಟಾದರು. ಮರುವರ್ಷ ಯೋಜನೆ ಹೋಯಿತು. ಬಳ್ಳಾರಿ ಅಷ್ಟರಲ್ಲಿ ಮೈಸೂರಿಗೆ ಬಂದಿತ್ತು. ಅನುಮಾನ ಮಾತ್ರ ಇವತ್ತಿಗೂ ಹೋಗಿಲ್ಲ.

ಅರವತ್ತರ ದಶಕದಲ್ಲಿ ಕೇಂದ್ರದ ಕೊಠಾರಿ ಶಿಕ್ಷಣ ಆಯೋಗ ಶಾಲೆಯ ಕೈಕೆಲಸಕ್ಕೆ ‘ಕಾರ್ಯಾನುಭವ’ ಅಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಅದನ್ನೇ ಎಸ್‌ಯುಪಿಡಬ್ಲ್ಯು ಮಾಡಿತು. ಸಮಾಜಕ್ಕೆ ಉಪಯೋಗವಾಗುವ ಉತ್ಪಾದಕ ಕೆಲಸ ಅಂತ ಅರ್ಥ. ನಾನು ಓದಿದ್ದು ಆ ಕಾಲದಲ್ಲೇ. ನಮಗದು ಗಿಡಕ್ಕೆ ನೀರು ಹಾಕುವ ಪೀರಿಯಡ್ಡು, ಅಷ್ಟೇ. ಬೀರುವಿನಲ್ಲಿ ಗರಗಸ, ಉಳಿ, ಸುತ್ತಿಗೆ ಎಲ್ಲ ಇದ್ದವು. ಒಂದು ಕಳೆದರೂ ಲೆಕ್ಕ ಕೊಡಬೇಕಲ್ಲ, ಹಾಗಾಗಿ ಬೀಗ. ಆಯುಧ ಪೂಜೆಗೆ ಹೊರತೆಗೆದು, ತುಕ್ಕು ಒರೆಸಿ, ಕುಂಕುಮ ಹಚ್ಚಿ ಮತ್ತೆ ಒಳಗಿಡುತ್ತಿದ್ದೆವು. ಕ್ರಾಫ್ಟ್ ಮಾಸ್ತರು ರಿಟೈರ್ ಆದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಗ್ರೇಡ್ ಮಾತ್ರ ತಪ್ಪದೆ ಬರುತ್ತಿತ್ತು, ಎಲ್ಲರಿಗೂ ‘ಎ’!

ಪಿಯುಸಿ ಮಟ್ಟದಲ್ಲಿ ಜೆಒಸಿ, ಅಂದರೆ ಉದ್ಯೋಗಕ್ಕೆ ತಯಾರು ಮಾಡುವ ಕೋರ್ಸು ಇತ್ತು. ಪಿಯುಸಿ ಸೀಟು ಸಿಗದವರ ಕೋರ್ಸು ಅಂತ ಹೆಸರಾಗಿ, ಕೊನೆಗೆ ಅದೂ ಮುಚ್ಚಿತು.

ಅಷ್ಟರಲ್ಲಿ ಶಾಲೆಯ ಹೊರಗೆ ಎಲ್ಲ ಬದಲಾಗಿತ್ತು. ತುಂಗಭದ್ರೆಯ ನೀರು ಬಂದು ಗಂಗಾವತಿ, ಸಿಂಧನೂರು ಭತ್ತದ ನಾಡಾದವು. ರೈಸ್ ಮಿಲ್ಲು, ಟ್ರ್ಯಾಕ್ಟರು, ಕಟಾವು ಯಂತ್ರ ಬಂದವು. ಶಕ್ತಿನಗರದಲ್ಲಿ ವಿದ್ಯುತ್ ಸ್ಥಾವರ, ತೋರಣಗಲ್ಲಿನಲ್ಲಿ ಉಕ್ಕು, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆ. ಇವನ್ನೆಲ್ಲ ರಿಪೇರಿ ಮಾಡುವುದನ್ನು ಹುಡುಗರು ಕಲಿತದ್ದು ಗ್ಯಾರೇಜಿನಲ್ಲಿ, ಮೇಸ್ತ್ರಿಯ ಬೈಗುಳ ತಿಂದು. ಜಾಸ್ತಿ ಜನ ಶಾಲೆ ಬಿಟ್ಟವರೇ.

2013ರಲ್ಲಿ ಎನ್‌ಎಸ್‌ಕ್ಯೂಎಫ್ ಬಂತು, ಕೌಶಲಗಳನ್ನು ಮಟ್ಟ ಮಟ್ಟವಾಗಿ ಅಳೆಯುವ ಕೇಂದ್ರ ಸರ್ಕಾರದ ಚೌಕಟ್ಟು. ಹೈಸ್ಕೂಲಿನ ಆಟೊಮೊಬೈಲ್ ಅದರ ಕೂಸು. 2020ರ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಗೆ ಬ್ಯಾಗಿಲ್ಲದ 10 ದಿನ ಇಟ್ಟಿತು. ಬಡಗಿ, ಕುಂಬಾರ, ತೋಟಗಾರರ ಬಳಿ ಹೋಗಿ ಕಲಿಯಲಿ ಅಂತ. ಹತ್ತು ದಿನದಲ್ಲಿ ಉಳಿ ಹಿಡಿಯುವ ಭಯ ಹೋದರೆ ಅದೇ ದೊಡ್ಡದು. ಇನ್ನು ಹೈಸ್ಕೂಲಿನಲ್ಲಿ, ಇಂಜಿನ್ ಬಿಚ್ಚುವ ಆಸೆಯಿಂದ ಬಂದವನೂ, ಸುಮ್ನೆ ಹಿಂದಿ ತಪ್ಪಿಸಿಕೊಳ್ಳಲು ಬಂದವನೂ ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ.