ಸೂರ್ಯನನ್ನು ತಿರುಗಿಸಿದವರಿಗೆ ಕಿರೀಟ ಎಷ್ಟರ ಮಾತು?

ಮುಂಬೈಯ ಅಂಧೇರಿಯಲ್ಲಿರುವ ನಮ್ಮ ಪುಟ್ಟ ಆನಿಮೇಷನ್ ಸ್ಟುಡಿಯೋಗೆ ಬರುವ ಗ್ರಾಹಕರಲ್ಲಿ ಹೆಚ್ಚಿನವರು ಈಗ ಒಂದು ಪದವನ್ನು ಕಲಿತುಕೊಂಡೇ ಬರುತ್ತಾರೆ: ‘ರಿಯಲ್ ಟೈಮ್’. ಗೇಮ್ ಎಂಜಿನ್‌ನಲ್ಲಿ, ಅಂದರೆ ವಿಡಿಯೋ ಗೇಮ್ ಕಟ್ಟುವ ತಂತ್ರಾಂಶದಲ್ಲಿ, ಆನಿಮೇಷನ್ ಮಾಡುತ್ತೀರಲ್ಲ, ಹಾಗಾದರೆ ಮುಂದಿನ ವಾರ ಸಿಕ್ಕೀತಲ್ಲ ಎಂದು ಅವರು ಕೇಳುವಾಗ ಆ ಪದವನ್ನು ಹುಟ್ಟಿಸಿದವರ ಮೇಲೆ ನನಗೆ ಸಿಟ್ಟು ಬರುತ್ತದೆ. ಅದು ಚಿತ್ರವನ್ನು ಆಗಿಂದಾಗಲೇ ಮೂಡಿಸುವ ಯಂತ್ರದ ಸಮಯವನ್ನು ಕುರಿತ ಮಾತೇ ಹೊರತು ಮನುಷ್ಯರ ಸಮಯವನ್ನು ಕುರಿತದ್ದಲ್ಲ.

ಲೆಕ್ಕವನ್ನೇ ಹಾಕಿ ನೋಡೋಣ. ಸೆಕೆಂಡಿಗೆ 24 ಫ್ರೇಮ್‌ಗಳಂತೆ ಆರು ನಿಮಿಷದ ಚಿತ್ರಕ್ಕೆ 8,640 ಫ್ರೇಮ್‌ಗಳು ಬೇಕು. ಹಳೆಯ ಕ್ರಮದಲ್ಲಿ ಪ್ರತಿ ಫ್ರೇಮಿನ ರೆಂಡರ್‌ಗೆ, ಅಂದರೆ ಬೆಳಕು ನೆರಳನ್ನೆಲ್ಲ ಲೆಕ್ಕ ಹಾಕಿ ಅಂತಿಮ ಚಿತ್ರ ಮೂಡಿಸುವುದಕ್ಕೆ, ಅರ್ಧ ಗಂಟೆ ಹಿಡಿಯುತ್ತದೆ ಎಂದಿಟ್ಟುಕೊಂಡರೆ ಒಂದು ಕಂಪ್ಯೂಟರ್ 180 ದಿನ ಹಗಲಿರುಳು ದುಡಿಯಬೇಕು. ನಾವು ಬಳಸುವ ಗೇಮ್ ಎಂಜಿನ್ ಆದ ಅನ್‌ರಿಯಲ್‌ನಲ್ಲಿ ಕೆಲಸ ಮಾಡುವಾಗ ಚಿತ್ರ ಪರದೆಯ ಮೇಲೆ ಆಗಿಂದಾಗಲೇ ಮೂಡುತ್ತದೆ; ಅಂತಿಮ ಪ್ರತಿ ಇನ್ನಷ್ಟು ನಯವಾಗಿ ಬರಲೆಂದು ಫ್ರೇಮಿಗೆ ಹತ್ತು ಸೆಕೆಂಡು ಕೊಟ್ಟರೂ ಎಲ್ಲವೂ ಸರಿಯಾಗಿ ಒಂದು ದಿನದಲ್ಲಿ ಮುಗಿಯುತ್ತದೆ. ಈ ಅಂಕಿಗಳು ದೃಶ್ಯದಿಂದ ದೃಶ್ಯಕ್ಕೆ ಬಹಳ ಬದಲಾಗುತ್ತವೆ, ಇವನ್ನು ಹಿಡಿದುಕೊಂಡು ಯಾರೂ ಕರಾರು ಬರೆಯಬಾರದು. ಆದರೆ ಉಳಿದ ಆ 179 ದಿನಗಳು ಕಂಪ್ಯೂಟರಿನವು. ಪಾತ್ರವನ್ನು ರೂಪಿಸುವವರ, ಅದನ್ನು ಆಡಿಸುವ ಎಲುಬುಗೂಡಾದ ರಿಗ್ ಕಟ್ಟುವವರ, ಕಣ್ಣಿನ ರೆಪ್ಪೆ ಯಾವಾಗ ಮುಚ್ಚಬೇಕೆಂದು ಕುಳಿತು ಯೋಚಿಸುವವರ ದಿನಗಳು ಬಹುಮಟ್ಟಿಗೆ ಇದ್ದಷ್ಟೇ ಇವೆ. 2025ರಲ್ಲಿ ಆಸ್ಕರ್ ಪಡೆದ ಲಾಟ್ವಿಯಾದ ‘ಫ್ಲೋ’ ಚಿತ್ರವನ್ನು ಬ್ಲೆಂಡರ್ ಎಂಬ ಆನಿಮೇಷನ್ ತಂತ್ರಾಂಶದ ಈವಿ ಎಂಬ ರಿಯಲ್ ಟೈಮ್ ರೆಂಡರರ್‌ನಲ್ಲಿ ತಯಾರಿಸಲಾಗಿತ್ತು. ಬ್ಲೆಂಡರ್ ಗೇಮ್ ಎಂಜಿನ್ ಅಲ್ಲ, ಆದರೆ ರೆಂಡರಿಂಗಿನ ತತ್ತ್ವ ಅದೇ. ಅದಕ್ಕೆ ತಗಲಿದ್ದು ಐದು ವರ್ಷಕ್ಕೂ ಹೆಚ್ಚು ಕಾಲ.

ಕಳೆದ ವರ್ಷ ಉಡುಪಿ ಕಡೆಯ ಹೋಟೆಲ್ ಮಾಲೀಕರೊಬ್ಬರು, ನಾವೆಲ್ಲ ಅವರನ್ನು ಧನಿಗಳೆಂದೇ ಕರೆಯುವುದು, ಹೋಟೆಲಿನ ಐವತ್ತನೆಯ ವರ್ಷದ ಸಮಾರಂಭಕ್ಕಾಗಿ ಯಕ್ಷಗಾನದ ರಾಜವೇಷವನ್ನಿಟ್ಟುಕೊಂಡು ಆರು ನಿಮಿಷದ ಚಿತ್ರ ಮಾಡಿಸಿದರು. ಒಂದು ಸಂಜೆ ನನ್ನ ಪಕ್ಕದಲ್ಲಿ ಕುಳಿತು, ಒಡ್ಡೋಲಗದ ದೃಶ್ಯ ಬೆಳಗಿನ ಜಾವದಲ್ಲಿ ನಡೆದರೆ ಚೆನ್ನಲ್ಲವೇ ಎಂದರು. ನಾನು ಸೂರ್ಯನ ಬೆಳಕನ್ನು ಮೌಸಿನಿಂದ ತಿರುಗಿಸಿದೆ. ನೆಲದಿಂದ ಪುಟಿದ ಬೆಳಕನ್ನೂ ಎಂಜಿನ್‌ನ ಬೆಳಕಿನ ವ್ಯವಸ್ಥೆಯಾದ ಲೂಮೆನ್ ಲೆಕ್ಕ ಹಾಕಿತು, ಎದೆಪದಕದ ಅಂಚಿಗೆ ಹೊಂಬಣ್ಣ ಬಂತು. ಹತ್ತು ಸೆಕೆಂಡಿನ ಕೆಲಸ. ಧನಿಗಳಿಗೆ ಎಷ್ಟು ಖುಷಿಯಾಯಿತೆಂದರೆ, ಹಾಗೆಯೇ ಕಿರೀಟವನ್ನೂ ಸ್ವಲ್ಪ ದೊಡ್ಡದು ಮಾಡಿಬಿಡಿ ಎಂದರು. ಅದಕ್ಕೆ ಎರಡು ವಾರ ಬೇಕಾದೀತು ಎಂದೆ. “ಅಲ್ಲ ಮಾರಾಯ್ರೇ, ಸೂರ್ಯನನ್ನೇ ತಿರುಗಿಸಿದಿರಿ, ಕಿರೀಟ ಎಷ್ಟರ ಮಾತು?”

ಪ್ರಶ್ನೆ ನ್ಯಾಯವಾದದ್ದೇ. ಸೂರ್ಯ ಯಾರಿಗೂ ಅಂಟಿಕೊಂಡಿಲ್ಲ, ಕಿರೀಟ ಎಲ್ಲಕ್ಕೂ ಅಂಟಿಕೊಂಡಿದೆ. ಕಿರೀಟ ಬೆಳೆದರೆ ರಾಜ ಕೈಯೆತ್ತಿ ಅದನ್ನು ಮುಟ್ಟುವ ಶಾಟ್‌ಗಳಲ್ಲಿ ಬೆರಳುಗಳು ಅದರೊಳಗೇ ಹೊಕ್ಕುಬಿಡುತ್ತವೆ. ತೆರೆಯ ಹಿಂದಿನಿಂದ ಮುಂದೆ ಬರುವಾಗ ಅದರ ತುದಿ ತೆರೆಗೆ ತಾಗುತ್ತದೆ, ಆದ್ದರಿಂದ ಬಟ್ಟೆಯ ಸಿಮ್ಯುಲೇಷನ್, ಅಂದರೆ ಅದು ಹೇಗೆ ಅಲುಗುತ್ತದೆಂಬ ಲೆಕ್ಕ, ಮತ್ತೆ ಮಾಡಬೇಕು. ಅದನ್ನು ನೇರವಾಗಿ ಮೊದಲ ಫ್ರೇಮಿನಿಂದ ಶುರುಮಾಡಿದರೆ ಶಾಟ್ ಆರಂಭವಾದ ಕೂಡಲೇ ತೆರೆ ಒಮ್ಮೆ ನೆಗೆದು ಬೀಳುತ್ತದೆಂದು ಮುಂಚೆಯೇ ಕೆಲವು ಫ್ರೇಮ್‌ಗಳನ್ನು ಓಡಿಸಿ ಬಿಟ್ಟುಬಿಡಬೇಕು. ಧೀಂಗಿಣ, ಅಂದರೆ ಗಿರಕಿ ಕುಣಿತ, ಹಾಕುವಾಗ ತಲೆಯ ಮೇಲಿನ ಭಾರ ಹೆಚ್ಚಿದಂತೆ ಕಾಣಬೇಕಾದ್ದರಿಂದ ಕತ್ತಿನ ಚಲನೆಯನ್ನೂ ತಿದ್ದಬೇಕು. ಹತ್ತೊಂಬತ್ತು ಶಾಟ್‌ಗಳಲ್ಲಿ ಕಿರೀಟದ ತುದಿ ಚೌಕಟ್ಟಿನಿಂದ ಆಚೆ ಹೋಗುತ್ತದೆ, ಅಲ್ಲೆಲ್ಲ ಕ್ಯಾಮೆರಾ ಹಿಂದೆ ಸರಿಯಬೇಕು, ಕ್ಯಾಮೆರಾ ಸರಿದರೆ ಇದುವರೆಗೆ ಕಾಣದಿದ್ದ ಗೋಡೆ ಕಾಣುತ್ತದೆ, ಆ ಗೋಡೆಯನ್ನು ನಾವು ಕಟ್ಟಿಯೇ ಇರಲಿಲ್ಲ.

ತಪ್ಪು ಗ್ರಾಹಕರದ್ದಷ್ಟೇ ಎನ್ನಲಾರೆ. ಮೊದಲೆಲ್ಲ ನಾವು ಬೂದು ಬಣ್ಣದ, ನೆರಳಿಲ್ಲದ ಪ್ಲೇಬ್ಲಾಸ್ಟ್ ಎಂಬ ಕಚ್ಚಾ ಪ್ರತಿ ತೋರಿಸುತ್ತಿದ್ದೆವು. ಅದನ್ನು ಕಂಡ ಯಾರಿಗೂ ಕೆಲಸ ಮುಗಿದಿದೆ ಎನ್ನಿಸುತ್ತಿರಲಿಲ್ಲ. ಎಂಜಿನ್‌ನಲ್ಲಾದರೋ ಮೊದಲ ದಿನವೇ ನೆರಳು, ಮಂಜು, ಹೊಳಪು ಎಲ್ಲವೂ ಬಂದುಬಿಡುತ್ತವೆ. ಹುಬ್ಬು ಅಲುಗದ, ಹೆಜ್ಜೆ ನೆಲದ ಮೇಲೆ ಜಾರುವ ಪಾತ್ರವೂ ಆ ಬೆಳಕಿನಲ್ಲಿ ಮುಗಿದ ಚಿತ್ರದಂತೆಯೇ ಕಾಣುತ್ತದೆ. ಕಣ್ಣಿಗೆ ತೊಂಬತ್ತು ಪಾಲು ಆಗಿದೆ ಎನ್ನಿಸಿದಾಗ ಕೈಯಲ್ಲಿ ಆಗಿರುವುದು ಕಾಲು ಪಾಲೂ ಇರಲಾರದು.

ಧನಿಗಳಿಗೆ ನಾನು ಕೊನೆಗೆ ಅವರ ಭಾಷೆಯಲ್ಲೇ ಕೇಳಿದೆ: “ಚೌಕಿಯಲ್ಲಿ ಬಣ್ಣ ಬರೆದು, ವೇಷ ಕಟ್ಟಿ, ಗೆಜ್ಜೆಯೂ ಆದ ಮೇಲೆ ಈ ಕಿರೀಟ ಬೇಡ, ಬೇರೆಯದು ಹಾಕಿ ಎಂದರೆ ಕಲಾವಿದರು ಏನೆನ್ನುತ್ತಾರೆ, ಧನಿಗಳೇ?” ಅವರು ನಕ್ಕು, “ಬೈಯುತ್ತಾರೆ” ಎಂದರು.

ಆಮೇಲೆ ನಮ್ಮಲ್ಲಿ ಒಂದು ಕ್ರಮ ಬಂದಿದೆ. ಪಾತ್ರ, ಕ್ಯಾಮೆರಾ ಎಲ್ಲೆಲ್ಲಿ ಎಂದು ತೋರಿಸುವ ಮೊದಲ ಲೇಔಟನ್ನು ಬೆಳಕು ಆರಿಸಿ, ಬೇಕೆಂದೇ ಬೂದು ಬಣ್ಣದಲ್ಲಿ ತೋರಿಸುತ್ತೇವೆ. ಕ್ಯಾಮೆರಾದ ಸಣ್ಣಪುಟ್ಟ ಸರಿದಾಟ, ಲೆನ್ಸ್, ಬೆಳಕು, ಮಂಜು, ಬಣ್ಣ ಇವುಗಳನ್ನು ಕೊನೆಯ ವಾರದವರೆಗೂ ಕೇಳಬಹುದು. ಮೈಕಟ್ಟು, ಉಡುಪು, ಮಾತಿನ ಉದ್ದ ಇವು ಆನಿಮೇಷನ್ ಶುರುವಾಗುವ ಮುನ್ನವೇ ನಿಲ್ಲಬೇಕು ಎಂದು ಬರೆದು ಸಹಿ ಹಾಕಿಸುತ್ತೇವೆ. ಇದರಿಂದ ಜಗಳ ಪೂರ್ತಿ ನಿಂತಿದೆ ಎಂದು ಹೇಳಲಾರೆ. ಬೂದು ಚಿತ್ರ ನೋಡಿ ಮುಖ ಸಪ್ಪೆ ಮಾಡಿಕೊಂಡು ಬೇರೆ ಸ್ಟುಡಿಯೋಗೆ ಹೋದವರೂ ಇದ್ದಾರೆ.

ಧನಿಗಳ ಚಿತ್ರದಲ್ಲಿ ಕೈ, ತೆರೆ ಯಾವುದೂ ಕಿರೀಟಕ್ಕೆ ತಾಗದ ನಾಲ್ಕು ಸಮೀಪದ ಶಾಟ್‌ಗಳಲ್ಲಿ ಮಾತ್ರ, ಅವರನ್ನು ಕೇಳಿಯೇ, ಕಿರೀಟವನ್ನು ದೊಡ್ಡದು ಮಾಡಿದೆವು. ಮಾಟುಂಗದ ಮೈಸೂರು ಅಸೋಸಿಯೇಷನ್ ಸಭಾಗೃಹದಲ್ಲಿ ಚಿತ್ರ ತೋರಿಸಿದ ದಿನ ಅವರು ಮುಂದಿನ ಸಾಲಿನಲ್ಲಿ ಕುಳಿತು, ಆ ನಾಲ್ಕು ಶಾಟ್‌ಗಳು ಬಂದಾಗಲೆಲ್ಲ ಪಕ್ಕದವರಿಗೆ ಬೆರಳು ತೋರಿಸುತ್ತಿದ್ದರು. ಉಳಿದ ಕಡೆ ಹಳೆಯ ಕಿರೀಟವೇ ಇರುವುದನ್ನು ಮರೆತಿದ್ದರೋ, ಮರೆತಂತೆ ಇದ್ದರೋ, ನಾನು ಕೇಳಲು ಹೋಗಲಿಲ್ಲ.